ಎಕ್ಸ್‌ಪೋರ್ಟ್ ಮೆನುವಿನೊಳಗಿನ ಚರಿತ್ರೆ

ಸಬ್‌ಟೈಟಲ್ ತಂತ್ರಾಂಶದಲ್ಲಿ ಕೆಲಸ ಮುಗಿಸಿ ಎಕ್ಸ್‌ಪೋರ್ಟ್ ಒತ್ತಿದರೆ ಎಸ್‌ಸಿಸಿ, ಎಸ್‌ಟಿಎಲ್, ಎಸ್‌ಆರ್‌ಟಿ, ವೆಬ್‌ವಿಟಿಟಿ, ಬರ್ನ್-ಇನ್ ಎಂದು ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಹೊಸಬರಿಗೆ ತಲೆಬುಡ ತಿಳಿಯದು. ಒಂದೊಂದೂ ಒಂದೊಂದು ಕಾಲದ ಯಂತ್ರಕ್ಕೆಂದು ಹುಟ್ಟಿದ್ದು. ಯಂತ್ರ ಮೂಲೆ ಸೇರಿದರೂ ಆಯ್ಕೆ ಉಳಿದಿದೆ.

1972ರಲ್ಲಿ ಬಾಸ್ಟನ್ನಿನ ಡಬ್ಲ್ಯೂಜಿಬಿಎಚ್ ವಾಹಿನಿ ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮವನ್ನು ಪರದೆಯ ಮೇಲೆ ಅಕ್ಷರ ಮೂಡಿಸಿ ಪ್ರಸಾರ ಮಾಡಿತು. ಕಿವಿ ಕೇಳದವರಿಗೆ ಅನುಕೂಲವಾಯಿತು, ಆದರೆ ಬೇಡವೆಂದವರು ಅದನ್ನು ಅಳಿಸುವಂತಿರಲಿಲ್ಲ. ಇಂದಿನ ಬರ್ನ್-ಇನ್ ಇದೇ. ಬೇಕಾದವರಿಗಷ್ಟೇ ಕಾಣಿಸುವ ಉಪಾಯ 1980ರಲ್ಲಿ ಬಂತು: ಕಣ್ಣಿಗೆ ಬೀಳದ 21ನೇ ಸ್ಕ್ಯಾನ್ ರೇಖೆಯಲ್ಲಿ ಸಂಕೇತ ಅಡಗಿಸಿ ಕಳಿಸುವುದು, ಮನೆಯ ಡಿಕೋಡರ್ ಅದನ್ನು ಬಿಡಿಸುವುದು. ಸಾಲಿಗೆ 32 ಅಕ್ಷರದ ಮಿತಿ, ಒಮ್ಮೆಗೇ ಮೂಡುವ ಪಾಪ್-ಆನ್, ಸಾಲುಸಾಲಾಗಿ ಮೇಲೇರುವ ರೋಲ್-ಅಪ್ ಎಲ್ಲ ಆಗಿನವು. ಎಸ್‌ಸಿಸಿ ಫೈಲಿನಲ್ಲಿ ಕಾಣುವ ಹೆಕ್ಸ್ ಅಂಕಿಗಳು ಆ ರೇಖೆಯಲ್ಲಿ ಹರಿಯುತ್ತಿದ್ದ ಬೈಟ್‌ಗಳೇ. ಅಲ್ಲಿ ಕನ್ನಡ ಲಿಪಿಗೆ ಜಾಗವೇ ಇಲ್ಲ. ಕನ್ನಡ ಕೆಲಸಕ್ಕೆ ಆ ಆಯ್ಕೆಯನ್ನು ಮುಟ್ಟಬೇಕಾಗಿಲ್ಲ.

ಹೊತ್ತಿನ ಲೆಕ್ಕದಲ್ಲಿ ಎದುರಾಗುವ ಡ್ರಾಪ್-ಫ್ರೇಮ್ ಎಂಬ ಆಯ್ಕೆ ಕೂಡ ಅಮೆರಿಕದ ಬಳುವಳಿ. ಅಲ್ಲಿನ ಬಣ್ಣದ ಟೀವಿ ಸೆಕೆಂಡಿಗೆ 30ರ ಬದಲು 29.97 ಫ್ರೇಮ್ ಓಡಿಸಿದ್ದರಿಂದ ಗಂಟೆಗೆ 3.6 ಸೆಕೆಂಡು ತಪ್ಪುತ್ತಿತ್ತು; ಎಣಿಕೆಯಲ್ಲಿ ಕೆಲವು ಫ್ರೇಮ್ ಸಂಖ್ಯೆಗಳನ್ನು ಹಾರಿಸಿ ಅದನ್ನು ಸರಿದೂಗಿಸುವುದೇ ಡ್ರಾಪ್-ಫ್ರೇಮ್. ನಮ್ಮ ಟೀವಿಯದು 25, ಸಿನಿಮಾದ್ದು 24. ಈ ಎರಡನ್ನು ಅದಲುಬದಲು ಮಾಡಿದರೆ ಗಂಟೆಯ ಹೊತ್ತಿಗೆ ಮಾತಿಗೂ ಬರಹಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬೀಳುತ್ತದೆ.

ಯುರೋಪಿನ ಪ್ರಸಾರಕರು 1991ರಲ್ಲಿ ಎಸ್‌ಟಿಎಲ್ ರೂಪಿಸಿಕೊಂಡರು. ಡಿವಿಡಿ ಬೇರೆ ದಾರಿ ಹಿಡಿದು ಸಬ್‌ಟೈಟಲನ್ನೇ ಚಿತ್ರವಾಗಿಸಿತು. ಹಾಗಾಗಿ ಯಾವ ಲಿಪಿಯೂ ನಡೆಯಿತು, ಆದರೆ ತಿದ್ದಲು, ಹುಡುಕಲು ಬಾರದು. ಆ ಚಿತ್ರಗಳನ್ನು ಓದಿ ಪಠ್ಯವಾಗಿಸಲು ಹುಟ್ಟಿದ ಸಬ್‌ರಿಪ್ ಎಂಬ ಪುಟ್ಟ ತಂತ್ರಾಂಶದಿಂದ ಎಸ್‌ಆರ್‌ಟಿ ಬಂತು: ಕ್ರಮಸಂಖ್ಯೆ, ಹೊತ್ತು, ಮಾತು, ಅಷ್ಟೇ. ಸಮಿತಿಗಳು ಕೂತು ಮಾಡಿದ ಮಾದರಿಗಳಿಗಿಂತ ಇದೇ ಹೆಚ್ಚು ಬಾಳಿತು. ವೆಬ್‌ವಿಟಿಟಿ ಇದರ ತಮ್ಮ. ಮಿಲಿಸೆಕೆಂಡಿನ ಮುಂದೆ ಅಲ್ಪವಿರಾಮ ಹೋಗಿ ಚುಕ್ಕಿ ಬಂತು, ಪರದೆಯಲ್ಲಿ ಸ್ಥಾನ ಸೂಚಿಸುವ ಸೌಲಭ್ಯವೂ ಸೇರಿತು.

ಕನ್ನಡದ ನಿಜವಾದ ತೊಡಕು ಶುರುವಾಗುವುದು ಇಲ್ಲಿ. ಎಸ್‌ಆರ್‌ಟಿಯನ್ನು ಯೂನಿಕೋಡಿನ ಯುಟಿಎಫ್-8 ಸಂಕೇತದಲ್ಲಿ ಉಳಿಸದೆ ಹಳೆಯ ಎಎನ್‌ಎಸ್‌ಐ ಎಂದು ಬಿಟ್ಟರೆ ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಸಾಲಿನ ಮಿತಿಯೂ ನಂಬುವಂಥದಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಇಂಗ್ಲಿಷಿಗೆಂದು ಈಗ ಇಡುವ ಸಾಲಿಗೆ 42 ಅಕ್ಷರದ ಮಿತಿಯನ್ನು ಕಣ್ಣು ಮುಚ್ಚಿ ಒಪ್ಪಿಕೊಂಡರೆ, ಇನ್ನೂ ಜಾಗವಿರುವಾಗಲೇ ಸಾಲು ಮುರಿಯುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುವುದರಿಂದ ಸಾಲುಗಳ ಅಂತರವನ್ನು ತುಸು ಹಿಗ್ಗಿಸಲೇಬೇಕು. ಒತ್ತಕ್ಷರ ಜೋಡಿಸಲು ತಿಳಿಯದ ಹಳೆಯ ಪ್ಲೇಯರುಗಳಿಗಾದರೆ ಬರ್ನ್-ಇನ್ ಒಂದೇ ಗತಿ.

ಕನ್ನಡ ಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕುವುದು ರೂಢಿಯಾಗಿದೆ. ಕಿವಿ ಕೇಳದ ಕನ್ನಡಿಗರಿಗೆ ಕನ್ನಡದಲ್ಲೇ ಹಾಕುವವರು ವಿರಳ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಚಿತ್ರಮಂದಿರಗಳಲ್ಲಿ ಇಂಥವರಿಗೆ ಅನುಕೂಲ ಕಲ್ಪಿಸಲು ಕೇಂದ್ರದ ಮಾರ್ಗಸೂಚಿ 2024ರ ಮಾರ್ಚ್‌ನಲ್ಲಿ ಹೊರಟಿದೆ. ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ವಾಟ್ಸ್ಆ್ಯಪ್‌ಗೆ ಬರ್ನ್-ಇನ್ ಪ್ರತಿ ಕೊಡಿ, ತಪ್ಪಿಲ್ಲ. ಆದರೆ ಅಕ್ಷರ ಹಚ್ಚದ ಮೂಲ ವಿಡಿಯೊವನ್ನೂ ಅದರ ಪಕ್ಕದಲ್ಲೇ ಯುಟಿಎಫ್-8 ಎಸ್‌ಆರ್‌ಟಿಯನ್ನೂ ಎತ್ತಿಡಿ.