ಅತಿಥಿಯಾಗಿ ಬರೆಯಲೊಲ್ಲೆ

ಮಂಗಳೂರಿನ ಕಾವೂರು ಜಂಕ್ಷನ್ನಿನಲ್ಲಿ ಕಟ್ಟುವ ಬ್ಯಾನರು ಮಹಾಲಿಂಗೇಶ್ವರ ದೇವಸ್ಥಾನದ ಉತ್ಸವದ್ದಿರಲಿ, ಶಾಲೆಯ ವಾರ್ಷಿಕೋತ್ಸವದ್ದಿರಲಿ, ಅದರಲ್ಲಿ ‘ಮುಖ್ಯ ಅತಿಥಿ’ ಎಂಬ ಸಾಲಿಗೆ ಜಾಗ ಇದ್ದೇ ಇರುತ್ತದೆ. ಸುತ್ತಲಿನ ಮನೆಗಳ ಒಳಗೆ ಮಾತ್ರ ಈ ಪದ ಕಾಲಿಡುವುದಿಲ್ಲ. ಮನೆಗೆ ಬಂದವರು ತುಳುವರಿಗೆ ‘ಬಿನ್ನೆರ್’, ಕೊಂಕಣಿಗರಿಗೆ ‘ಸೊಯ್ರೆ’, ಕನ್ನಡಿಗರಿಗೆ ‘ನೆಂಟರು’. ಬೆಲ್ಲ ನೀರು ಕೊಟ್ಟು ಕೂರಿಸುವುದು ಇವರನ್ನು. ‘ಅತಿಥಿ’ ಇರುವುದು ವೇದಿಕೆಯಲ್ಲಿ, ಕಾಲೇಜಿನ ಆದೇಶದಲ್ಲಿ, ಪತ್ರಿಕೆಯ ಪುಟದಲ್ಲಿ.

ಬಿನ್ನೆರ್ ಹಳೆಯ ದ್ರಾವಿಡ ಪದ. ಹಳಗನ್ನಡದ ‘ಬಿರ್ದು’, ತೆಲುಗಿನ ‘ವಿಂದು’, ಮಲಯಾಳದ ‘ವಿರುನ್ನು’, ತಮಿಳಿನ ‘ವಿರುಂದು’ ಎಲ್ಲವೂ ಒಂದೇ ಕುಟುಂಬದವು. ತಿರುಕ್ಕುರಳಿನ ಒಂಬತ್ತನೆಯ ಅಧ್ಯಾಯದ ಹೆಸರು ‘ವಿರುಂದೋಂಬಲ್’, ಅಂದರೆ ಬಂದವರ ಉಪಚಾರ. ತಮಿಳಿನಲ್ಲಿ ವಿರುಂದು ಎಂದರೆ ಔತಣ, ಔತಣಕ್ಕೆ ಬಂದವನು, ಜೊತೆಗೆ ಹೊಸತು ಎಂಬ ಅರ್ಥವೂ ಉಂಟು. ಅಂಥ ಹೊಸಬನನ್ನು ತುಳುನಾಡು ಬಂಧುವನ್ನಾಗಿ ಮಾಡಿಕೊಂಡಿತು. ಇವತ್ತು ಬಿನ್ನೆರ್ ಎಂದರೆ ಬಂದವರೂ ಹೌದು, ಸಂಬಂಧಿಕರೂ ಹೌದು.

ಅತಿಥಿ ಹಾಗಲ್ಲ. ಅವನು ಅಪರಿಚಿತನಾಗಿಯೇ ಉಳಿದ. ‘ತಿಥಿ ಇಲ್ಲದವನು, ಹೇಳಿ ಬರದವನು’ ಎಂಬ ವಿವರಣೆ ಎಲ್ಲರಿಗೂ ಗೊತ್ತು. ಕೇಳಲು ಚಂದ, ಆದರೆ ಭಾಷಾಶಾಸ್ತ್ರ ಒಪ್ಪುವುದು ಬೇರೊಂದನ್ನು. ‘ಅತ್’ ಎಂಬ ಧಾತುವಿಗೆ ಎಡೆಬಿಡದೆ ಸಂಚರಿಸುವುದು ಎಂದರ್ಥ. ಅತಿಥಿ ಅಲೆಯುವವನು, ದಾರಿಹೋಕ. ಇರಾನಿನ ಅವೆಸ್ತಾ ಭಾಷೆಯಲ್ಲಿ ಇದರ ಸೋದರ ಪದ ‘ಅಸ್ತಿ’ ಸಿಗುತ್ತದೆ. ಅಂದಮೇಲೆ ಈ ಪದ ವೇದಕ್ಕಿಂತಲೂ ಹಳೆಯದು. ಋಗ್ವೇದದ ಋಷಿಗಳು ಅಗ್ನಿಯನ್ನೇ ಮತ್ತೆ ಮತ್ತೆ ಅತಿಥಿ ಎಂದು ಕರೆದರು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿ ಅತಿಥಿಯನ್ನೂ ದೇವರೆಂದು ಕೂರಿಸಿತು. ಕಾಳಿದಾಸನ ರಘುವಂಶದಲ್ಲಿ ಶ್ರೀರಾಮನ ಮೊಮ್ಮಗ, ಕುಶನ ಮಗನ ಹೆಸರೇ ಅತಿಥಿ.

ನನಗೆ ಹೆಚ್ಚು ಮುಖ್ಯವೆನಿಸುವುದು ಮನುಸ್ಮೃತಿಯ ಮೂರನೆಯ ಅಧ್ಯಾಯ ಕೊಡುವ ವ್ಯಾಖ್ಯೆ. ಒಂದು ರಾತ್ರಿ ತಂಗುವವನು ಅತಿಥಿ. ಅವನ ಇರವು ಅನಿತ್ಯವಾದ್ದರಿಂದಲೇ ಆ ಹೆಸರು ಎನ್ನುತ್ತದೆ ಅದು. ವ್ಯುತ್ಪತ್ತಿಯಾಗಿ ಇದೂ ನಿಲ್ಲಲಾರದು. ಆದರೆ ಆತಿಥ್ಯದ ಒಳಗುಟ್ಟು ಇದರಲ್ಲಿದೆ. ಸತ್ಕಾರಕ್ಕೆ ಅವಧಿಯುಂಟು, ಅತಿಥಿಗೆ ಮನೆಯ ಮೇಲೆ ಹಕ್ಕಿಲ್ಲ, ಮನೆಗೆ ಅತಿಥಿಯ ದುಡಿಮೆಯ ಮೇಲೂ ಹಕ್ಕಿಲ್ಲ. ಕರೆದಾಗ ಬಂದವನಿಗೆ, ಪರಿಚಯದಿಂದ ಬಂದವನಿಗೆ ಬೇರೆಯೇ ಹೆಸರಿತ್ತು: ಅಭ್ಯಾಗತ. ‘ಅತಿಥಿ ಅಭ್ಯಾಗತರು’ ಎಂಬ ಜೋಡಿ ನಮ್ಮ ಬಾಯಲ್ಲಿ ಇನ್ನೂ ಉಳಿದಿದೆ, ಅವರ ನಡುವಿನ ಗೆರೆ ಅಳಿಸಿಹೋಗಿದೆ. ಆಮಂತ್ರಣ ಪತ್ರಿಕೆಯಲ್ಲಿ ದಿನಾಂಕ ಸಮೇತ ಹೆಸರು ಅಚ್ಚಾದವರು ನಿಜಕ್ಕೂ ಮುಖ್ಯ ಅಭ್ಯಾಗತರು.

ಪದದ ದಿಕ್ಕು ಬದಲಾದದ್ದು ಇಂಗ್ಲಿಷಿನ ‘ಗೆಸ್ಟ್’ ಬಂದ ಮೇಲೆ. ಗೆಸ್ಟ್ ಹೌಸ್ ಅತಿಥಿಗೃಹವಾಯಿತು, ಗೆಸ್ಟ್ ಎಡಿಟರ್ ಅತಿಥಿ ಸಂಪಾದಕರಾದರು, ಗೆಸ್ಟ್ ಲೆಕ್ಚರರ್ ಅತಿಥಿ ಉಪನ್ಯಾಸಕರಾದರು. ಕೊನೆಯ ಪದದಲ್ಲಿ ನಡೆದಿರುವ ಅನ್ಯಾಯ ಸಣ್ಣದಲ್ಲ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠದ ಹೊರೆ ಹೊತ್ತಿದ್ದಾರೆ. 2022ರ ಜನವರಿಯವರೆಗೆ ಅವರ ತಿಂಗಳ ಗೌರವಧನ ಅರ್ಹತೆಗೆ ತಕ್ಕಂತೆ 11,000 ಅಥವಾ 13,000 ರೂಪಾಯಿ. ಆ ವರ್ಷ ಅದು ಹೆಚ್ಚೆಂದರೆ 32,000 ಆಯಿತು. ಸೇವೆ ಕಾಯಂ ಮಾಡಿ ಎಂದು 2023ರ ಕೊನೆಗೆ ಅವರು ತರಗತಿ ಬಿಟ್ಟು ಬೀದಿಗಿಳಿದರು. ಒಂದು ರಾತ್ರಿಯ ಪದವನ್ನು ಹತ್ತು ಹದಿನೈದು ವರ್ಷ ದುಡಿದವರ ಹಣೆಗೆ ಅಂಟಿಸಿದ್ದೇವೆ. ತಾತ್ಕಾಲಿಕ ಎಂದು ನೇರವಾಗಿ ಕರೆದಿದ್ದರೆ ಕನಿಷ್ಠ ಸತ್ಯವಾದರೂ ಉಳಿಯುತ್ತಿತ್ತು.

ಯಕ್ಷಗಾನದಲ್ಲಿ ಈ ಪದ ಅಷ್ಟು ಕೆಟ್ಟಿಲ್ಲ. ದೀಪಾವಳಿಯ ಆಸುಪಾಸಿನಿಂದ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ತಿರುಗಾಟ ಮಾಡುವವರು ಮೇಳದ ಕಲಾವಿದರು, ಒಂದು ರಾತ್ರಿಯ ಆಟಕ್ಕೆ ಬಂದು ವೇಷ ಮಾಡುವವರು ಅತಿಥಿ ಕಲಾವಿದರು. ಇಲ್ಲಿ ಮನುವಿನ ಅವಧಿ ಅಕ್ಷರಶಃ ಪಾಲನೆಯಾಗುತ್ತದೆ. ಆದರೂ ಹೊರಗಿನ ಕರೆಗೆ ಹೋಗದೆ ತಮ್ಮ ಮೇಳದಲ್ಲೇ ಇರುವವರಿದ್ದಾರೆ. ಭಾಗವತರ ನಡೆ, ಎದುರು ವೇಷದವರ ಮಾತಿನ ಹದ ತಿಂಗಳುಗಟ್ಟಲೆ ಜೊತೆಗಿದ್ದು ಕೂಡಿಬರುವಂಥದ್ದು. ಒಂದು ರಾತ್ರಿಯಲ್ಲಿ ಚಪ್ಪಾಳೆ ಸಿಗಬಹುದು, ಆ ಹದ ಸಿಗುವುದಿಲ್ಲ.

ಬರಹಗಾರರಲ್ಲೂ ಇಂಥವರಿದ್ದಾರೆ. ‘ನಮ್ಮಲ್ಲಿಗೆ ಒಂದು ಅತಿಥಿ ಅಂಕಣ ಬರೆದುಕೊಡಿ’ ಎಂದರೆ ವಿನಯದಿಂದಲೇ ಬೇಡ ಎನ್ನುತ್ತಾರೆ. ಇದನ್ನು ಜಂಬ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಮತ್ತೊಬ್ಬರ ಪುಟದಲ್ಲಿ ಬರೆದಾಗ ತಲೆಬರಹ ಅವರದು, ಜಾಗಕ್ಕೆ ತಕ್ಕಂತೆ ಕತ್ತರಿಸುವವರು ಅವರು, ಪಕ್ಕದಲ್ಲಿ ಯಾವ ಜಾಹೀರಾತು ಎಂದು ತೀರ್ಮಾನಿಸುವವರೂ ಅವರೇ. ಓದುಗ ಕೇಳುವ ಪ್ರಶ್ನೆಗೆ ಉತ್ತರಿಸಬೇಕಾದವನು ಮಾತ್ರ ಲೇಖಕ. ಸಂಭಾವನೆಯ ಮಾತೆತ್ತಿದರೆ ‘ಹೆಸರು ಬರುತ್ತದಲ್ಲ’ ಎಂಬ ಉತ್ತರ ಸಿಗುವುದೂ ಉಂಟು. ಇದೆಲ್ಲಕ್ಕಿಂತ ದೊಡ್ಡದು ಉಂಡ ಮನೆಯ ದಾಕ್ಷಿಣ್ಯ. ಕರೆದವರ ತಪ್ಪನ್ನು ಅವರದೇ ಪುಟದಲ್ಲಿ ಎತ್ತಿ ಆಡುವುದು ಕಷ್ಟ. ಅತಿಥಿಗೆ ಸೌಜನ್ಯ ಧರ್ಮ, ಬರಹಕ್ಕೆ ಸತ್ಯ ಧರ್ಮ. ಎರಡೂ ಎದುರುಬದುರಾದಾಗ ಒಳ್ಳೆಯ ಬರಹಗಾರ ಆ ಮನೆಗೆ ಹೋಗದಿರುವುದೇ ಸರಿ.

ಸ್ವಂತ ಮನೆ ಕಟ್ಟಿಕೊಂಡು ಬರೆದವರ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿದೆ. ಮಂಗಳೂರಿಗೆ ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡಕ್ಕೆ ಹೊಸಬರು. ಆದರೆ 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ಕ್ಕೆ ಅವರೇ ಸಂಪಾದಕರು, ಕನ್ನಡದ ಮೊದಲ ಪತ್ರಿಕೆ ಅದು. ಶಿವರಾಮ ಕಾರಂತರು ಯೌವನದಲ್ಲೇ ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು, ಮುಂದೆ ಪುತ್ತೂರಿನಲ್ಲಿ ‘ಹರ್ಷ’ದ ಹೆಸರಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಲಂಕೇಶರು 1980ರಲ್ಲಿ ತಮ್ಮ ಹೆಸರಿನದೇ ವಾರಪತ್ರಿಕೆ ಆರಂಭಿಸಿ ಜಾಹೀರಾತಿನ ಹಂಗಿಲ್ಲದೆ ನಡೆಸಿದರು. ಇವರೆಲ್ಲ ಬೇರೆಡೆ ಬರೆಯಲೇ ಇಲ್ಲ ಎಂದಲ್ಲ. ಬರೆದರೂ ಬಿಟ್ಟರೂ ಹಿಂದಿರುಗಲು ತಮ್ಮದೊಂದು ಅಂಗಳ ಇತ್ತು ಎಂಬುದು ಅವರ ಮಾತಿಗೆ ಬಲ ಕೊಟ್ಟಿತು.

ಬರೆಯಲು ಒಪ್ಪುವವರಿಗೆ ನನ್ನದೊಂದು ಕಿವಿಮಾತು. ಕಾನೂನು ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಸ್ಥೆಯ ನೌಕರರಲ್ಲದವರು ಹೊರಗಿನಿಂದ ಬರೆದುಕೊಟ್ಟ ಲೇಖನದ ಹಕ್ಕು, ಸಹಿ ಹಾಕಿ ಬರಹದಲ್ಲಿ ಬಿಟ್ಟುಕೊಡದ ಹೊರತು, ಬರೆದವರಲ್ಲೇ ಉಳಿಯುತ್ತದೆ. ಬಿಟ್ಟುಕೊಟ್ಟ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಅದು ಐದು ವರ್ಷಕ್ಕೆ ಎಂದೇ ಲೆಕ್ಕ. ಹಾಗಾಗಿ ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿ. ಕರೆಯುವ ಸಂಪಾದಕರೂ ತಿದ್ದಿದ ಪ್ರತಿಯನ್ನು ಅಚ್ಚಿಗೆ ಮೊದಲು ಬರೆದವರಿಗೆ ತೋರಿಸಲಿ, ಸಂಭಾವನೆಯನ್ನು ಕೇಳುವ ಮೊದಲೇ ಹೇಳಲಿ. ಅಷ್ಟಾದ ಮೇಲೂ ಒಬ್ಬರು ಬೇಡವೆಂದರೆ ಒತ್ತಾಯಿಸಬೇಡಿ.