ಚರ್ಮಗಂಟು ರೋಗ: ಗಂಟು ಮೈಮೇಲೆ, ಪೆಟ್ಟು ರಕ್ತನಾಳಕ್ಕೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ದನ ಕಟ್ಟಿದವರಿಗೆ ‘ಲಂಪಿ’ ಅಂದರೆ ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಈ ರೋಗದಿಂದ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ದೇಶದಲ್ಲಿ ಇದು ಮೊದಲು ಕಂಡಿದ್ದು 2019ರಲ್ಲಿ, ಒಡಿಶಾದಲ್ಲಿ.

ಹೆಸರಿನಲ್ಲಿ ಚರ್ಮ ಇರೋದರಿಂದ ಬಹಳ ಮಂದಿ ಇದನ್ನು ತೊಗಲಿನ ರೋಗ ಅಂತಲೇ ತಿಳಿದು ಗಂಟಿನ ಮೇಲೆ ಮುಲಾಮು ಹಚ್ಚುತ್ತಾ ಕೂಡುತ್ತಾರೆ. ಮೂಲ ಇರೋದು ಒಳಗೆ. ಸಿಡುಬಿನ ಜಾತಿಯ ಈ ವೈರಸ್ ರಕ್ತ ಸೇರಿ ಸಣ್ಣ ರಕ್ತನಾಳಗಳ ಒಳಪದರ ಕೆಡಿಸುತ್ತದೆ. ನಾಳ ಬಾತು ರಕ್ತ ಹೆಪ್ಪುಗಟ್ಟಿದರೆ ಅಲ್ಲಿಯ ತೊಗಲಿಗೆ ರಕ್ತ ಸಿಗದೆ ಸಾಯುತ್ತದೆ. ಗಂಟು ಒಡೆದು ತೂತು ಬೀಳೋದು ಇದಕ್ಕೇ. ಮೈಯೊಳಗಿನ ನೀರಿನಂಶ ಸಾಗಿಸುವ ದುಗ್ಧನಾಳಗಳೂ ಊದಿಕೊಳ್ಳುವುದರಿಂದ ಕಾಲು, ಗಂಗೆದೊಗಲು ನೀರು ತುಂಬಿ ಬಾಯುತ್ತವೆ. ಕಾಲು ಊದಿದ ಎತ್ತು ಏಳೋದೇ ಇಲ್ಲ, ಮೇವು ಬಿಡುತ್ತದೆ. ಗಂಟು ಎಷ್ಟು ಅಂತ ಎಣಿಸೋದಕ್ಕಿಂತ ಈ ಬಾವು ನೋಡೋದು ಮುಖ್ಯ.

ಮೊದಲು ಬರೋದು ಜೋರು ಜ್ವರ, ಕಣ್ಣು ಮೂಗಲ್ಲಿ ನೀರು. ಭುಜದ ಮುಂದೆ, ತೊಡೆಯ ಮುಂದೆ ಮುಟ್ಟಿದರೆ ಗಡ್ಡೆ ಸಿಗುತ್ತದೆ. ಆಮೇಲೆ ಮೈಮೇಲೆ ಗಂಟು. ಹಾಲು ಇಳಿಯುತ್ತದೆ, ಗಬ್ಬದ ಆಕಳು ಕಂದು ಹಾಕುವುದೂ ಉಂಟು. ಜರ್ಸಿ, ಎಚ್‌ಎಫ್ ಕ್ರಾಸ್ ಆಕಳಿಗೆ, ಕರುಗಳಿಗೆ ಕಾಟ ಹೆಚ್ಚು; ಎಮ್ಮೆಗೆ ಬರೋದು ಕಡಿಮೆ. ಗಂಟು ಏಳದೆ ಬರೀ ಜ್ವರ, ಗಡ್ಡೆ ಇದ್ದರೆ ಉಣ್ಣೆಯಿಂದ ಬರುವ ಥೈಲೇರಿಯಾ ಇದ್ದೀತು. ಅದಕ್ಕೆ ಬೇರೆ ಔಷಧ, ರಕ್ತ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ಲಂಪಿ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಜ್ವರ, ಬಾವು ಇಳಿಸಿ ಗಾಯ ಕೊಳೆಯದಂತೆ ವೈದ್ಯರು ನೋಡಿಕೊಳ್ಳುತ್ತಾರೆ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲದ ಉಂಡೆಯನ್ನು ಎನ್‌ಡಿಡಿಬಿಯವರೂ ಹೇಳಿದ್ದಾರೆ. ಕೊಡಲಿ, ಆದರೆ ಅದನ್ನೇ ನಂಬಿ ಡಾಕ್ಟರನ್ನು ಕರೆಯದೆ ಇರಬಾರದು. ಪಶು ಆಂಬುಲೆನ್ಸಿಗೆ 1962.

ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಗುಂಗಾಡು, ಉಣ್ಣೆಯಿಂದ. ಗದ್ದೆ, ಕೆರೆ ಹೆಚ್ಚಿರುವ ಹಾನಗಲ್ ಭಾಗದಲ್ಲಿ ಮಳೆಗಾಲಕ್ಕೆ ಗುಂಗಾಡಿಗೆ ಬರ ಇಲ್ಲ. ಸಂಜೆ ಬೇವಿನ ಹೊಗೆ, ತಿಪ್ಪೆ ದೂರ, ರೋಗದ ದನ ಬೇರೆ ಕಡೆ ಕಟ್ಟೋದು, ಸಂತೆಗೆ ಹೊಡೆಯದಿರೋದು: ಇಷ್ಟು ಕೈಯಲ್ಲಿದೆ. ಮೇಕೆ ಸಿಡುಬಿನ ಲಸಿಕೆಯನ್ನೇ ಇದಕ್ಕೂ ಹಾಕುತ್ತಾರೆ, ವರ್ಷಕ್ಕೊಮ್ಮೆ. ರೋಗ ಬರುವ ಮುಂಚೆ ಹಾಕಿಸಬೇಕು, ಬಂದ ಮೇಲೆ ಹಾಕಿಸಿ ಉಪಯೋಗವಿಲ್ಲ.

2022ರಲ್ಲಿ, ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಇದ್ದಾಗ, ಸತ್ತ ಆಕಳಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಣೆಯಾಗಿತ್ತು. ಒಳ್ಳೆ ಜೋಡಿ ಎತ್ತಿಗೆ ಲಕ್ಷ ದಾಟುವಾಗ ಇದು ಎಷ್ಟರ ಮಟ್ಟಿಗೆ ಅಂತ ರೈತನಿಗೇ ಗೊತ್ತು. ದನ ಸತ್ತರೆ ವೈದ್ಯರಿಗೆ ತೋರಿಸದೆ ಹೂಳಬೇಡಿ, ದಾಖಲೆಯೇ ಇರೋದಿಲ್ಲ. ಹೂಳುವಾಗ ಆಳದ ಗುಂಡಿ, ಮೇಲೆ ಸುಣ್ಣ.

ಇನ್ನು ಹೋಟೆಲ್, ಚಹಾದಂಗಡಿಯವರ ಅಂಜಿಕೆ. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಯಾವತ್ತಿನಂತೆ ಚೆನ್ನಾಗಿ ಕುದಿಸಿ ಬಳಸಿದರೆ ಸಾಕು.