ಗಾಜಿನ ಬೀರುವಿನ ಪೂರ್ವವೃತ್ತಾಂತ

ಬೆಲೆಯುಳ್ಳ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕುವುದು ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ಪದ್ಧತಿ. ಅದನ್ನು ಬೀಗದೊಳಗಿಟ್ಟೂ ಬಂದವರ ಕಣ್ಣಿಗೆ ಕಾಣುವಂತೆ ಮಾಡಬೇಕೆಂಬ ಬಯಕೆಯು ಅದಕ್ಕಿಂತ ಬಹಳ ಈಚಿನದು. ಕಾಪಾಡುವುದು, ಕಾಣಿಸುವುದು ಎಂಬ ಎರಡು ವಿರುದ್ಧ ಕಾರ್ಯಗಳನ್ನು ಒಂದೇ ಮರದ ಚೌಕಟ್ಟಿನಲ್ಲಿ ಕೂಡಿಸಿಕೊಟ್ಟುದು ಗಾಜು. ದಸರೆಯ ಬೊಂಬೆಗಳಿಗೂ ಬೆಳ್ಳಿಯ ಬಟ್ಟಲುಗಳಿಗೂ ಆಶ್ರಯವಾಗಿರುವ ಈ ಸಾಮಾನನ್ನು ಕನ್ನಡನಾಡಿನಲ್ಲಿ ಕೆಲವರು ಬೀರುವೆನ್ನುವರು, ಕೆಲವರು ಅಲಮಾರೆನ್ನುವರು. ಅಲಮಾರೆಂಬುದು ಪೋರ್ಚುಗೀಸರ ಅರ್ಮಾರಿಯೋ ಎಂಬ ಶಬ್ದದ ತದ್ಭವ. ಅದಕ್ಕೂ ಮೂಲವಾದ ಲ್ಯಾಟಿನ್ ಪದಕ್ಕೆ ಆಯುಧಗಳನ್ನೂ ಸಲಕರಣೆಗಳನ್ನೂ ಇಡುವ ಸ್ಥಳವೆಂದು ಅರ್ಥ. ಆಯುಧಗಳ ಮನೆಯು ಪಿಂಗಾಣಿಯ ಮನೆಯಾದುದು ಹೇಗೆಂಬುದನ್ನು ಇಂಗ್ಲೆಂಡಿನ ಚರಿತ್ರೆಯಿಂದ ತಿಳಿಯಬಹುದು.

ಅಲ್ಲಿ ಗಾಜಿನ ಬಾಗಿಲಿನೊಳಗೆ ಮೊದಲು ಸೇರಿದ ವಸ್ತುಗಳಲ್ಲಿ ಪುಸ್ತಕವೂ ಒಂದು. ನೌಕಾಖಾತೆಯ ಅಧಿಕಾರಿಯೂ ದಿನಚರಿಯ ಕರ್ತೃವೂ ಆಗಿ ಹೆಸರಾದ ಸ್ಯಾಮ್ಯುಯಲ್ ಪೀಪ್ಸನ ಮನೆಯಲ್ಲಿ ೧೬೬೬ರ ವೇಳೆಗೆ ಗ್ರಂಥಗಳು ಹೆಚ್ಚಿ, ಕುರ್ಚಿಗಳ ಮೇಲೆ ಒಂದರಮೇಲೊಂದು ಬಿದ್ದಿದ್ದುವು. ಆ ವರ್ಷದ ಜುಲೈ ತಿಂಗಳಿನಲ್ಲಿ ಆತನು ಸಿಂಪ್ಸನ್ ಎಂಬ ಬಡಗಿಯನ್ನು ಕರೆಯಿಸಿ, ಗಾಜಿನ ಬಾಗಿಲುಗಳುಳ್ಳ ಓಕ್ ಮರದ ಪುಸ್ತಕದ ಬೀರುಗಳನ್ನು ಮಾಡಿಸತೊಡಗಿದನು. ಬೀರುಗಳು ಮನೆಯಲ್ಲಿ ನಿಂತು ಕೆಲವು ದಿನಗಳಾಗುವಷ್ಟರಲ್ಲಿ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಲಂಡನ್ ನಗರವನ್ನು ಮಹಾಗ್ನಿಯು ಆವರಿಸಿತು. ಪೀಪ್ಸನು ತನ್ನ ಸಾಮಾನುಗಳನ್ನು ಊರ ಹೊರಗೆ ಸಾಗಿಸಿದನಲ್ಲದೆ ದ್ರಾಕ್ಷಾರಸವನ್ನೂ ಪಾರ್ಮಾದ ಗಿಣ್ಣನ್ನೂ ತೋಟದಲ್ಲಿ ಗುಂಡಿ ತೋಡಿ ಹೂಳಿದನು. ಆತನ ಮನೆಯು ಉಳಿಯಿತು. ಮುಂದೆ ಬೀರುಗಳು ೧೨ ಆದುವು, ಗ್ರಂಥಗಳು ೩,೦೦೦. ಎತ್ತರದ ಕ್ರಮದಲ್ಲಿ ಜೋಡಿಸಿದ ಆ ಪುಸ್ತಕಗಳಲ್ಲಿ ಗಿಡ್ಡಾದವುಗಳ ಕೆಳಗೆ ಮರದ ತುಂಡುಗಳನ್ನಿರಿಸಿ ತಲೆಗಳನ್ನು ಸಮಗೊಳಿಸಿದ್ದಾನೆ! ಗಾಜಿನ ಹಿಂದೆ ನಿಂತ ಗ್ರಂಥವು ಓದಿಗೆ ಮಾತ್ರವಲ್ಲದೆ ನೋಟಕ್ಕೂ ಸಲ್ಲಬೇಕಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪೀಪ್ಸನು ೧೭೦೩ರಲ್ಲಿ ತೀರಿಕೊಂಡನು. ೧೭೨೪ರಲ್ಲಿ ಕೇಂಬ್ರಿಜಿನ ಮಾಡ್ಲಿನ್ ಕಾಲೇಜನ್ನು ಸೇರಿದ ಆ ಬೀರುಗಳು ಇಂದಿಗೂ ಅಲ್ಲಿಯೇ ಇವೆ.

ಪಿಂಗಾಣಿಯು ಆಗಿನ್ನೂ ಗಾಜಿನೊಳಗೆ ಬಂದಿರಲಿಲ್ಲ. ಹಾಲೆಂಡಿನಿಂದ ೧೬೮೯ರಲ್ಲಿ ಬಂದು ರಾಣಿಯಾದ ಎರಡನೆಯ ಮೇರಿಗೆ ಚೀಣದ ಪಾತ್ರೆಗಳಲ್ಲಿ ಅತಿಶಯವಾದ ಮೋಹವಿದ್ದಿತು. ಆಕೆಯ ಅರಮನೆಯನ್ನು ಅನುಸರಿಸಿ ಶ್ರೀಮಂತರು ಪೆಟ್ಟಿಗೆಗಳ ತಲೆಯಮೇಲೂ ಅಗ್ಗಿಷ್ಟಿಕೆಯ ಮೇಲಣ ಹಲಗೆಗಳಲ್ಲಿಯೂ ಹೂಜಿ ತಟ್ಟೆಗಳನ್ನು ಛಾವಣಿಯವರೆಗೆ ಪೇರಿಸತೊಡಗಿದರು. ಕೈತಪ್ಪಿದರೆ ಒಡೆಯುವ, ಕಲ್ಲಿದ್ದಲ ಹೊಗೆಯಿಂದ ಮಸಿ ಹಿಡಿಯುವ ಪದಾರ್ಥವನ್ನು ಹೀಗೆ ಬಯಲಿನಲ್ಲಿಡುವುದು ಎಷ್ಟು ದಿನ ನಡೆದೀತು? ಥಾಮಸ್ ಚಿಪ್ಪೆಂಡೇಲನು ೧೭೫೪ರಲ್ಲಿ ಪ್ರಕಟಿಸಿದ ಮರಗೆಲಸದ ಮಾದರಿಗಳ ಗ್ರಂಥದಲ್ಲಿ ಪಿಂಗಾಣಿಗೆಂದೇ ಗಾಜಿನ ಬೀರುಗಳ ಚಿತ್ರಗಳು ಕಾಣಿಸಿಕೊಂಡುವು.

ಈ ಹದಿನೆಂಟನೆಯ ಶತಮಾನದ ಬೀರುಗಳ ಬಾಗಿಲಿನಲ್ಲಿ ಒಂದೇ ದೊಡ್ಡ ಗಾಜಿಲ್ಲ. ಮರದ ಸಣ್ಣ ಪಟ್ಟಿಗಳು ವಜ್ರಾಕಾರವಾಗಿಯೂ ಕಮಾನಿನಂತೆಯೂ ಹೆಣೆದುಕೊಂಡಿದ್ದು, ಅವುಗಳ ನಡುವೆ ಗಾಜಿನ ಚಿಕ್ಕ ತುಂಡುಗಳಿವೆ. ಇದು ಶುದ್ಧಾಂಗವಾಗಿ ಸೌಂದರ್ಯದೃಷ್ಟಿಯಿಂದ ಹುಟ್ಟಿದುದೆಂದು ತಿಳಿಯುವವರುಂಟು. ನಿಜವಾದ ಕಾರಣವು ಕುಲುಮೆಯಲ್ಲಿಯೂ ಸರಕಾರದ ಬೊಕ್ಕಸದಲ್ಲಿಯೂ ಇದೆ.

ಆ ಕಾಲದ ಒಳ್ಳೆಯ ತೆಳುಗಾಜು ಊದಿದ ಗಾಜು. ಕರಗಿದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಯಲ್ಲಿ ಹಿಡಿದು ಊದಿ, ಬುರುಡೆಯಾದ ಮೇಲೆ ಮತ್ತೊಂದು ಸಲಾಕೆಗೆ ಅಂಟಿಸಿ, ಪುನಃ ಕುಲುಮೆಯ ಬಾಯಿಗೆ ಒಡ್ಡಿ ವೇಗವಾಗಿ ತಿರುಗಿಸುತ್ತಿದ್ದರು. ತಿರುಗಿದಂತೆಲ್ಲ ಬುರುಡೆಯ ಬಾಯಿ ಅಗಲವಾಗಿ, ಕೊನೆಗೆ ಕೊಡೆ ಬಿಚ್ಚಿದಂತೆ ಫಕ್ಕನೆ ಚಪ್ಪಟೆಯಾದ ದೊಡ್ಡ ತಟ್ಟೆಯಾಗುತ್ತಿದ್ದಿತು. ಅದರ ನಡುವೆ ಸಲಾಕೆ ಅಂಟಿದ್ದ ಕಡೆ ದಪ್ಪನೆಯ ಗಂಟು. ಗಂಟನ್ನು ಬಿಟ್ಟು, ದುಂಡಗಿನ ಅಂಚನ್ನು ಬಿಟ್ಟು ಕತ್ತರಿಸಿದರೆ ಚಿಕ್ಕ ತುಂಡುಗಳೇ ದೊರೆಯತಕ್ಕವು. ಫ್ರಾನ್ಸಿನಲ್ಲಿ ೧೬೮೮ರಿಂದೀಚೆಗೆ ಮೇಜಿನ ಮೇಲೆ ಎರಕಹೊಯ್ದು ಉಜ್ಜಿ ನುಣುಪುಮಾಡಿದ ದೊಡ್ಡ ಗಾಜುಗಳಾಗುತ್ತಿದ್ದುದು ನಿಜ. ಆದರೆ ಅವುಗಳ ಬೆಲೆ ಅರಸುಮನೆತನಗಳಿಗೆ ತಕ್ಕುದಾಗಿದ್ದಿತು.

ಇದರ ಮೇಲೆ ಬ್ರಿಟಿಷ್ ಸರಕಾರವು ೧೭೪೫ರಲ್ಲಿ ಗಾಜಿಗೆ ಸುಂಕ ವಿಧಿಸಿತು. ಸುಂಕವು ತೂಕದ ಲೆಕ್ಕದಲ್ಲಿ. ಆದುದರಿಂದ ತೆಳುವಾದ ಊದುಗಾಜಿಗೇ ಗಿರಾಕಿ ಹೆಚ್ಚಿತು. ಕುಲುಮೆಯ ಪಾತ್ರೆ ತುಂಬುವುದಕ್ಕೆ ಮುಂಚೆ ಸುಂಕದ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಆತನ ಕಣ್ಣೆದುರಿನಲ್ಲಿ ಕೆಲಸ ಸಾಗಬೇಕು. ಹೊಸ ಪಾಕವನ್ನು ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೆ ಬಂದೀತು? ನೂರು ವರ್ಷಗಳ ತರುವಾಯ, ೧೮೪೫ರಲ್ಲಿ, ರಾಬರ್ಟ್ ಪೀಲನ ಮಂತ್ರಿಮಂಡಲವು ಈ ಸುಂಕವನ್ನು ರದ್ದುಪಡಿಸಿತು. ಒಂದು ರಾಷ್ಟ್ರದ ಮನೆಗಳ ಬೆಳಕನ್ನೂ ಬೀರುಗಳ ಬಾಗಿಲನ್ನೂ ಒಂದು ಶಾಸನವು ನೂರು ವರ್ಷ ಕಿರಿದುಗೊಳಿಸಿತೆಂದರೆ ಅತಿಶಯೋಕ್ತಿಯಾಗದು.

ಪಟ್ಟಿಗಳು ಅಷ್ಟು ಸಣ್ಣಗಿದ್ದೂ ಮುರಿಯದಿರಲು ಕಾರಣವಾದ ಮರವು ಮಹಾಗನಿ. ಅದರ ಮೇಲಣ ಆಮದು ಸುಂಕವು ೧೭೨೧ರಲ್ಲಿ ತೆಗೆಯಲ್ಪಟ್ಟುದರಿಂದ ಜಮೈಕಾದ ಮಹಾಗನಿಯು ಹಡಗು ಹಡಗಾಗಿ ಬಂದಿತು. ಅದನ್ನು ಕಡಿದು ಹೊಳೆಗೆ ಎಳೆದು ತಂದವರು ಆಫ್ರಿಕದಿಂದ ತರಲ್ಪಟ್ಟ ಗುಲಾಮರು. ಗಾಜಿನೊಳಗಣ ಪಿಂಗಾಣಿಯನ್ನು ತೋರಿಸುತ್ತಿದ್ದ ಯಜಮಾನರು ಚೌಕಟ್ಟಿನ ಈ ಕಥೆಯನ್ನು ಅತಿಥಿಗಳಿಗೆ ಹೇಳಿದಂತೆ ತೋರುವುದಿಲ್ಲ.

ಸುಂಕ ಹೋದೊಡನೆ ಕಾಲವು ಬದಲಾಯಿತು. ಬರ್ಮಿಂಗ್‌ಹ್ಯಾಮಿನ ಬಳಿಯ ಸ್ಮೆದಿಕ್‌ನಲ್ಲಿ ಚಾನ್ಸ್ ಸೋದರರು ಉರುಳೆಯಾಕಾರವಾಗಿ ಊದಿ, ಉದ್ದಕ್ಕೆ ಸೀಳಿ, ಕಾಯಿಸಿ ಹಾಸುವ ಗಾಜನ್ನು ೧೮೩೨ರಿಂದಲೇ ಮಾಡುತ್ತಿದ್ದರು. ೧೮೫೧ರ ಲಂಡನ್ ಪ್ರದರ್ಶನದ ಸ್ಫಟಿಕಭವನಕ್ಕೆ ಸುಮಾರು ೩,೦೦,೦೦೦ ಗಾಜಿನ ಹಲಗೆಗಳನ್ನು ಒದಗಿಸಿದವರು ಅವರೇ. ಮನೆಯ ಬೀರುವಿನ ಹಿಗ್ಗಿದ ರೂಪವೆಂಬಂತಿದ್ದ ಆ ಕಟ್ಟಡವು ಎಷ್ಟೋ ಊರುಗಳಿಗೆ ಮಾದರಿಯಾಯಿತು. ೧೮೮೯ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರನಿಂದ ಅಸ್ತಿಭಾರ ಪಡೆದ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೂ ಅದರ ಸಂತತಿಗೆ ಸೇರಿದುದು. ಬೀರುವಿನ ಬಾಗಿಲಿಗೆ ಈಗ ಒಂದೇ ಹಲಗೆ ಸಾಕಾಯಿತು. ಆದರೂ ಹಳೆಯ ಹೆಣಿಗೆಯ ಮೇಲಣ ಮೋಹ ಹೋಗಲಿಲ್ಲ. ಅಗಲವಾದ ಒಂದೇ ಗಾಜಿನ ಮೇಲೆ ಪಟ್ಟಿಗಳ ಜಾಲರಿಯನ್ನು ಹೊದಿಸಿ ಹಳೆಯದರಂತೆ ಮಾಡುವ ಕಾರ್ಖಾನೆಗಳು ಎದ್ದುವು.

ಹಳೆಯ ಬೀರುವನ್ನು ಮನೆಗೆ ತರಬಯಸುವವರಿಗೆ ಈ ಚರಿತ್ರೆಯೇ ಪರೀಕ್ಷೆಯ ಸಾಧನ. ಬಾಗಿಲನ್ನು ತೆರೆದು ಒಳಗಿನಿಂದ ನೋಡಬೇಕು: ಒಂದೊಂದು ತುಂಡೂ ಪುಟ್ಟಿಯಿಂದ ಬೇರೆಬೇರೆಯಾಗಿ ಕೂಡಿಸಲ್ಪಟ್ಟಿದ್ದರೆ ಹೆಣಿಗೆಯು ನಿಜವಾದುದು, ಒಂದೇ ಹಲಗೆಯಿದ್ದರೆ ಅನಂತರದ ಅನುಕರಣ. ಬಳಿಕ ಗಾಜಿನ ಮೂಲಕ ದೂರದ ಕಿಟಕಿಯ ಕಂಬಿಯನ್ನು ನೋಡುತ್ತ ತಲೆಯನ್ನು ಮೆಲ್ಲನೆ ಆಡಿಸಬೇಕು. ಕಂಬಿಯು ನೀರಿನಲ್ಲಿ ಕಂಡಂತೆ ಬಳುಕಿದರೆ ಅದು ಊದಿದ ಗಾಜಾಗಿರಬಹುದು. ಕದಲದೆ ನೆಟ್ಟಗಿದ್ದರೆ ಪಿಲ್ಕಿಂಗ್ಟನ್ ಸಂಸ್ಥೆಯವರು ೧೯೫೯ರಲ್ಲಿ ಪ್ರಕಟಪಡಿಸಿದ, ಕರಗಿದ ತವರದ ಮೇಲೆ ತೇಲಿಸುವ ವಿಧಾನದ ಗಾಜೆಂದು ಶಂಕಿಸಬೇಕು. ಗಾಜು ಶತಮಾನಗಳಲ್ಲಿ ಮೆಲ್ಲನೆ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗುವುದೆಂದು ವರ್ತಕರು ಹೇಳುವ ಮಾತು ಮಾತ್ರ ಸುಳ್ಳು. ಊದಿದ ತಟ್ಟೆಯೇ ಎಲ್ಲೆಡೆಯೂ ಒಂದೇ ದಪ್ಪವಿರಲಿಲ್ಲ. ಅದಕ್ಕಿಂತ ಹೆಚ್ಚಿನ ರಹಸ್ಯವೇನೂ ಅಲ್ಲಿಲ್ಲ.

ಮರದ ವಿಷಯದಲ್ಲಿ ಮುಂಭಾಗಕ್ಕಿಂತ ಬೆನ್ನೇ ಸತ್ಯವಾದಿ. ಹಿಂದಣ ಹಲಗೆಯಲ್ಲಿ ಬಾಗಿದ ಗರಗಸದ ಗೆರೆಗಳಿದ್ದರೆ ಅದು ಚಕ್ರಗರಗಸ ಬಂದ ಮೇಲಣ ಕೆಲಸ. ಮೇಲಿನ ಗಾಜಿನ ಭಾಗವೂ ಕೆಳಗಿನ ಪೆಟ್ಟಿಗೆಯೂ ಒಂದೇ ಬಣ್ಣ, ಒಂದೇ ಬಗೆಯ ಬೆನ್ನುಳ್ಳವೋ ಎಂದು ನೋಡುವುದು ಅತ್ಯವಶ್ಯ. ಎರಡು ಬೇರೆ ಮನೆಗಳ ಅರ್ಧಗಳನ್ನು ತಂದು ಒಂದರಮೇಲೊಂದು ನಿಲ್ಲಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ಅಭ್ಯಾಸ. ಓಕ್ ಮರದ ಬೀರುವಿನಲ್ಲಿ ಸೀಸದ ಪದಕಗಳನ್ನೂ ಕಡಲ ಚಿಪ್ಪುಗಳನ್ನೂ ಇಡಬಾರದು. ಆ ಮರದಿಂದ ಹೊರಡುವ ಆಮ್ಲದ ಆವಿಯು ಮುಚ್ಚಿದ ಗಾಜಿನೊಳಗೆ ನಿಂತು ಅವುಗಳನ್ನು ಬೆಳ್ಳಗೆ ಪುಡಿಯಾಗಿಸುವುದು.

ಬೆನ್ನಿಗೆ ಕನ್ನಡಿಯುಳ್ಳ ಬೀರುಗಳಲ್ಲಿ ಇನ್ನೂ ಎಚ್ಚರಬೇಕು. ಗಾಜಿಗೆ ಬೆಳ್ಳಿಯ ಲೇಪ ಕೊಡುವ ರೂಢಿ ಬರುವುದಕ್ಕೆ ಮುಂಚೆ ಕನ್ನಡಿಗಳಾಗುತ್ತಿದ್ದುದು ತವರದ ತಗಡಿಗೆ ಪಾದರಸವನ್ನು ಸೇರಿಸಿ. ಜರ್ಮನಿಯ ಫ್ಯೂರ್ತ್, ಎರ್ಲಾಂಗೆನ್ ಊರುಗಳ ಕನ್ನಡಿ ಕೆಲಸಗಾರರು ಪಾದರಸದ ವಿಷದಿಂದ ಬಾಯಿ ಹುಣ್ಣಾಗಿ, ಕೈಕಾಲು ನಡುಗಿ ಕೆಡುತ್ತಿದ್ದುದನ್ನು ವೈದ್ಯನಾದ ಅಡಾಲ್ಫ್ ಕುಸ್ಮೌಲನು ೧೮೬೧ರಲ್ಲಿ ಗ್ರಂಥವಾಗಿ ಬರೆದನು. ಅಂಥ ಕನ್ನಡಿಯು ತುಸು ನಸುಬೂದುಬಣ್ಣದ್ದಾಗಿ, ಹರಳು ಹರಳಾಗಿ ಮಿನುಗುವುದು; ಕಾಲಕ್ರಮದಲ್ಲಿ ಅದರ ಕೆಳ ಅಂಚಿನಿಂದ ಪಾದರಸದ ಹನಿಗಳು ಜಾರುವುದುಂಟು. ಅದರ ಬೆನ್ನನ್ನು ಕೆರೆಯಬಾರದು, ಕಾಯಿಸಬಾರದು. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಮಕ್ಕಳ ಬೊಂಬೆಗಳನ್ನು ಅದರ ಬುಡದಲ್ಲಿ ಇಡದಿರುವುದು ಲೇಸು.